ಎಡಿಟರ್ ಬಿಡದೆ ಪ್ರಾಜೆಕ್ಟ್ ಕಟ್ಟೋಣ: ವಿಎಸ್ ಕೋಡ್ ಟರ್ಮಿನಲ್‌ನಲ್ಲಿ ಪೈಥಾನ್ ಮತ್ತು ಗಿಟ್, ಸಮಗ್ರ ಮಾರ್ಗದರ್ಶಿ

ಕಾಲೇಜು ಹುಡುಗರು ಫೋನ್ ಮಾಡಿ "ಅಣ್ಣಾ, ಪ್ರೋಗ್ರಾಂ ಓಡ್ತಾ ಇಲ್ಲ" ಅಂದಾಗ ನಾನು ಎರರ್ ಏನು ಬಂತು ಅಂತ ಮೊದಲು ಕೇಳುವುದಿಲ್ಲ. "ಟರ್ಮಿನಲ್ ಈಗ ಯಾವ ಫೋಲ್ಡರ್‌ನಲ್ಲಿ ನಿಂತಿದೆ, ಆ ಸಾಲು ಓದಿ ಹೇಳು" ಅನ್ನುತ್ತೇನೆ. ಎಷ್ಟೋ ಸಲ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಇನ್ನೆರಡು ಪ್ರಶ್ನೆ. ಓಡುತ್ತಿರುವುದು ಯಾವ ಪೈಥಾನ್? ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಏನು ಹೇಳುತ್ತಿದೆ?

ಪ್ರಾಜೆಕ್ಟ್ ನಡೆಸುವುದು ಅಂದರೆ ಹೆಚ್ಚುಕಮ್ಮಿ ಈ ಮೂರು ಪ್ರಶ್ನೆಗೆ ಯಾವಾಗಲೂ ಉತ್ತರ ಗೊತ್ತಿರುವುದು. ಮೂರಕ್ಕೂ ಉತ್ತರ ಟರ್ಮಿನಲ್‌ನಲ್ಲೇ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲೇ ಇರುತ್ತದೆ, ಕಣ್ಣೆದುರಿಗೆ. ಹಾಗಾಗಿ ಇಡೀ ಕೆಲಸವನ್ನು ವಿಎಸ್ ಕೋಡ್ ಅನ್ನುವ ಎಡಿಟರ್‌ನ ಒಳಗಿನ ಟರ್ಮಿನಲ್‌ನಿಂದಲೇ ಮಾಡೋಣ. ಖಾಲಿ ಫೋಲ್ಡರ್‌ನಿಂದ ಶುರು ಮಾಡಿ, ಗಿಟ್ ಪ್ರಾಜೆಕ್ಟ್‌ಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಗಿಟ್‌ಹಬ್‌ಗೆ ಹಾಕಿ, ಬೇರೆಯವರ ಕಂಪ್ಯೂಟರ್‌ನಲ್ಲೂ ಓಡುವ ಹಾಗೆ ಮಾಡುವವರೆಗೆ. ಉದಾಹರಣೆಗೆ ಒಂದು ಚಿಕ್ಕ ಪ್ರಾಜೆಕ್ಟ್: ಕನ್ನಡ ಬರಹದಲ್ಲಿ ಎಷ್ಟು ಪದ, ಎಷ್ಟು ಅಕ್ಷರ ಇವೆ ಅಂತ ಎಣಿಸುವ ಪೈಥಾನ್ ಪ್ರೋಗ್ರಾಂ. ಬೇಕೆಂದೇ ಕನ್ನಡದ್ದನ್ನು ಆರಿಸಿದ್ದೇನೆ. ಇಂಗ್ಲಿಷ್ ಉದಾಹರಣೆಯಲ್ಲಿ ಕಾಣದ ಮೂರ್ನಾಲ್ಕು ತೊಡಕು ಇಲ್ಲಿ ಕಾಣುತ್ತವೆ, ಅವು ನಮಗೆ ದಿನಾ ಎದುರಾಗುವಂಥವು.

ಒಂದು ಮಾತು ಮೊದಲೇ. ಕಮಾಂಡ್‌ಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಚುಕ್ಕೆ, ಹೈಫನ್, ಓರೆಗೆರೆ ಎಲ್ಲಾ ಇದ್ದ ಹಾಗೇ.

ಬೇಕಾಗುವ ಸಾಮಾನು

ಮೂರೇ ಮೂರು: ವಿಎಸ್ ಕೋಡ್, ಪೈಥಾನ್, ಗಿಟ್. ಮೂರೂ ಉಚಿತ. ಅವುಗಳ ಅಧಿಕೃತ ಸೈಟ್‌ನಿಂದಲೇ ಇಳಿಸಿಕೊಳ್ಳಿ.

ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಇನ್‌ಸ್ಟಾಲರ್‌ನ ಮೊದಲ ಪುಟದ ಕೆಳಗೆ "ಆಡ್ ಪೈಥಾನ್.ಎಕ್ಸ್‌ಇ ಟು ಪಾತ್" ಅಂತ ಒಂದು ಚೌಕ ಇರುತ್ತದೆ (ಪಾತ್ ಅಂದರೆ ಕಮಾಂಡ್‌ಗಳನ್ನು ಹುಡುಕುವ ಜಾಗಗಳ ಪಟ್ಟಿ). ಅದಕ್ಕೆ ಟಿಕ್ ಹಾಕಿ. ಇದನ್ನು ಬಿಟ್ಟರೆ ಟರ್ಮಿನಲ್‌ನಲ್ಲಿ "ಪೈಥಾನ್" ಅಂತ ಹೊಡೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ, ಇಲ್ಲವೇ ಅಂಥ ಕಮಾಂಡೇ ಇಲ್ಲ ಅನ್ನುತ್ತದೆ. ಉಬುಂಟುವಿನಲ್ಲಿ ಪೈಥಾನ್ ಮೊದಲೇ ಇರುತ್ತದೆ. ಆದರೆ ಅಲ್ಲಿ ಅದರ ಹೆಸರು "ಪೈಥಾನ್3". ಮುಂದೆ ಕಮಾಂಡ್‌ನಲ್ಲಿ "ಪೈಥಾನ್" ಅಂತ ಇರುವ ಕಡೆ ಅಲ್ಲಿ ಅದನ್ನೇ ಹೊಡೆಯಿರಿ. ಪ್ರಾಜೆಕ್ಟ್‌ಗೆ ಅದರದೇ ಪೈಥಾನ್ ಮಾಡಿಕೊಡುವ ವಿಇಎನ್‌ವಿ ಭಾಗವನ್ನು ಮಾತ್ರ ಬೇರೆ ಹಾಕಬೇಕು:

`ಸುಡೋ ಎಪಿಟಿ ಇನ್‌ಸ್ಟಾಲ್ ಪೈಥಾನ್3-ವಿಇಎನ್‌ವಿ`

ವಿಎಸ್ ಕೋಡ್ ತೆರೆದು ಎಕ್ಸ್‌ಟೆನ್ಷನ್ ವಿಭಾಗದಲ್ಲಿ ಮೈಕ್ರೋಸಾಫ್ಟ್‌ನವರ "ಪೈಥಾನ್" ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಸದ್ಯಕ್ಕೆ ಇನ್ನೇನೂ ಬೇಡ. ಶುರುವಿನಲ್ಲೇ ಇಪ್ಪತ್ತು ಎಕ್ಸ್‌ಟೆನ್ಷನ್ ತುಂಬಿಕೊಂಡರೆ ಯಾವುದು ಏನು ಮಾಡುತ್ತಿದೆ ಅಂತಲೇ ತಿಳಿಯುವುದಿಲ್ಲ.

ಟರ್ಮಿನಲ್ ತೆರೆಯುವುದು

ವಿಎಸ್ ಕೋಡ್ ಬಂದದ್ದು 2015ರಲ್ಲಿ. ಒಳಗೇ ಟರ್ಮಿನಲ್ ಸೇರಿದ್ದು ಮರುವರ್ಷ, 2016ರ ಮೇ ತಿಂಗಳ ಆವೃತ್ತಿಯಲ್ಲಿ. ಅದು ಬೇರೆ ಥರದ ಟರ್ಮಿನಲ್ ಏನಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಕಮಾಂಡ್ ಓದಿ ನಡೆಸುವ ಪವರ್‌ಶೆಲ್ ಅಥವಾ ಬ್ಯಾಶ್ ಪ್ರೋಗ್ರಾಂ ಎಡಿಟರ್‌ನ ಕೆಳಗಿನ ಪಟ್ಟಿಯಲ್ಲಿ ಬಂದು ಕೂರುತ್ತದೆ, ಅಷ್ಟೇ. ಹೊರಗೆ ಓಡುವುದೆಲ್ಲ ಇಲ್ಲೂ ಓಡುತ್ತದೆ.

ತೆರೆಯಲು ಕಂಟ್ರೋಲ್ ಹಿಡಿದು ಎಸ್ಕೇಪ್ ಕೀಲಿಯ ಕೆಳಗಿರುವ ಓರೆ ಗುರುತಿನ ಕೀಲಿ ಒತ್ತಿ. ಅದರ ಹೆಸರು ಬ್ಯಾಕ್‌ಟಿಕ್. ಮ್ಯಾಕ್‌ನಲ್ಲೂ ಇಲ್ಲಿ ಕಂಟ್ರೋಲೇ, ಕಮಾಂಡ್ ಅಲ್ಲ. ಶಿಫ್ಟ್ ಕೂಡ ಸೇರಿಸಿದರೆ ಇನ್ನೊಂದು ಹೊಸ ಟರ್ಮಿನಲ್ ಬರುತ್ತದೆ.

ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಳ್ಳುತ್ತಾರೆ. ಅದೇ ಕೀಲಿ ಮತ್ತೆ ಒತ್ತಿದರೆ ಟರ್ಮಿನಲ್ ಮರೆಯಾಗುತ್ತದೆ, ಆದರೆ ಮುಚ್ಚುವುದಿಲ್ಲ. ಒಳಗೆ ಓಡುತ್ತಿದ್ದ ಪ್ರೋಗ್ರಾಂ ಓಡುತ್ತಲೇ ಇರುತ್ತದೆ. "ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ" ಅಂತ ಎರರ್ ಬಂದರೆ ಮರೆಯಲ್ಲಿ ಹಳೆಯ ಸರ್ವರ್ ಇನ್ನೂ ಓಡುತ್ತಿದೆಯಾ ಅಂತ ಮೊದಲು ನೋಡಿ. ಪ್ರೋಗ್ರಾಂ ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ಟರ್ಮಿನಲನ್ನೇ ತೆಗೆದುಹಾಕಲು ಕಸದ ಬುಟ್ಟಿಯ ಚಿತ್ರ.

ಈಗ ಎರಡು ಕಮಾಂಡ್ ಹೊಡೆದು ನೋಡಿ:

`ಪೈಥಾನ್ --ವರ್ಷನ್`
`ಗಿಟ್ --ವರ್ಷನ್`

ಎರಡಕ್ಕೂ ಅಂಕಿ ಬಂದರೆ ಮುಂದಕ್ಕೆ ಹೋಗಬಹುದು. ಗಿಟ್ ಈಗಷ್ಟೇ ಹಾಕಿದ್ದು, ಆದರೂ ಸಿಗುತ್ತಿಲ್ಲ ಅಂದರೆ ವಿಎಸ್ ಕೋಡ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಮೊದಲೇ ತೆರೆದಿದ್ದ ಎಡಿಟರ್‌ಗೆ ಹೊಸದಾಗಿ ಬಂದ ಕಮಾಂಡ್‌ಗಳ ದಾರಿ ಗೊತ್ತಿರುವುದಿಲ್ಲ.

ಫೋಲ್ಡರ್ ಎಲ್ಲಿರಬೇಕು

ಡೆಸ್ಕ್‌ಟಾಪ್ ಬೇಡ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಹಲವರ ಲ್ಯಾಪ್‌ಟಾಪ್‌ನಲ್ಲಿ ಒನ್‌ಡ್ರೈವ್ ಒಳಗೆ ಇರುತ್ತವೆ. ನಾಳೆ ಹಾಕುವ ಪ್ಯಾಕೇಜ್‌ಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸಾವಿರಾರು ಚಿಕ್ಕ ಫೈಲ್‌ಗಳನ್ನೆಲ್ಲ ಅದು ಇಂಟರ್ನೆಟ್‌ಗೆ ಏರಿಸುತ್ತಾ ಕೂರುತ್ತದೆ. ಸಿ ಡ್ರೈವ್‌ನಲ್ಲಿ ನೇರವಾಗಿ "ಕೆಲಸ" ಅಂತ ಒಂದು ಫೋಲ್ಡರ್ ಮಾಡಿಕೊಳ್ಳಿ. ಲಿನಕ್ಸ್, ಮ್ಯಾಕ್ ಆದರೆ ಹೋಮ್ ಫೋಲ್ಡರ್ ಒಳಗೆ. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಸ್ಪೇಸ್ ಬೇಡ. ಸ್ಪೇಸ್ ಇದ್ದರೆ ಪ್ರತಿ ಕಮಾಂಡ್‌ನಲ್ಲೂ ಉದ್ಧರಣ ಚಿಹ್ನೆ ಹಾಕಬೇಕಾಗುತ್ತದೆ.

ಆ ಫೋಲ್ಡರ್‌ಗೆ ಹೋಗಿ:

`ಸಿಡಿ ಸಿ:\ಕೆಲಸ`
`ಎಂಕೆಡಿಐಆರ್ ಪದ-ಲೆಕ್ಕ`
`ಸಿಡಿ ಪದ-ಲೆಕ್ಕ`
`ಕೋಡ್ -ಆರ್ .`

ಸಿಡಿ ಅಂದರೆ ಆ ಫೋಲ್ಡರ್ ಒಳಗೆ ಹೋಗುವುದು, ಎಂಕೆಡಿಐಆರ್ ಅಂದರೆ ಹೊಸ ಫೋಲ್ಡರ್ ಮಾಡುವುದು. ಕೊನೆಯ ಸಾಲಿನ ಚುಕ್ಕೆಗೆ "ಈಗ ನಿಂತಿರುವ ಫೋಲ್ಡರ್" ಅಂತ ಅರ್ಥ. -ಆರ್ ಹಾಕಿದರೆ ಅದು ಇದೇ ಕಿಟಕಿಯಲ್ಲಿ ತೆರೆಯುತ್ತದೆ. ಮ್ಯಾಕ್‌ನಲ್ಲಿ "ಕೋಡ್" ಕಮಾಂಡ್ ಸಿಗದಿದ್ದರೆ ಕಮಾಂಡ್ ಪ್ಯಾಲೆಟ್ ತೆರೆದು (ಕಮಾಂಡ್, ಶಿಫ್ಟ್, ಪಿ) "ಶೆಲ್ ಕಮಾಂಡ್" ಅಂತ ಹುಡುಕಿ. ಅದನ್ನು ಪಾತ್‌ಗೆ ಸೇರಿಸುವ ಆಯ್ಕೆ ಅಲ್ಲೇ ಇದೆ. ಈ ಫೋಲ್ಡರ್ ಬರೆದವರನ್ನು ನಂಬುತ್ತೀರಾ ಅಂತ ವಿಎಸ್ ಕೋಡ್ ಕೇಳುತ್ತದೆ. ನಿಮ್ಮದೇ ಫೋಲ್ಡರ್ ಆದ್ದರಿಂದ ಹೌದು ಅನ್ನಿ. ಎಲ್ಲಿಂದಲೋ ಇಳಿಸಿಕೊಂಡ ಪ್ರಾಜೆಕ್ಟ್ ಆಗಿದ್ದರೆ ಒಳಗೆ ಏನಿದೆ ನೋಡಿ ಆಮೇಲೆ ಹೌದು ಅನ್ನಿ.

ಇನ್ನು ಮುಂದೆ ಈ ಫೋಲ್ಡರನ್ನು ವಿಎಸ್ ಕೋಡ್‌ನಲ್ಲಿ ತೆರೆದಾಗಲೆಲ್ಲ ಟರ್ಮಿನಲ್ ತಾನಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ. ಒಳಗಿನ ಟರ್ಮಿನಲ್ ನನಗೆ ಇಷ್ಟವಾಗಲು ಮೊದಲ ಕಾರಣ ಇದೇ. ಫೈಲ್ ಒಂದನ್ನೇ ಎಳೆದು ತೆರೆಯುವ ಅಭ್ಯಾಸ ಬಿಡಿ, ಯಾವಾಗಲೂ ಫೋಲ್ಡರ್ ತೆರೆಯಿರಿ. ಬರೀ ಫೈಲ್ ತೆರೆದರೆ ಎಡಿಟರ್‌ಗೆ ಪ್ರಾಜೆಕ್ಟ್ ಯಾವುದು ಅಂತ ಗೊತ್ತಾಗುವುದಿಲ್ಲ. "ಫೈಲ್ ಸಿಗಲಿಲ್ಲ" ಅನ್ನುವ ಎಷ್ಟೋ ಎರರ್‌ಗಳಿಗೆ ಮೂಲ ಅದು.

ಸಂದೇಹ ಬಂದಾಗ `ಪಿಡಬ್ಲ್ಯೂಡಿ` ಅಂತ ಹೊಡೆಯಿರಿ. ಎಲ್ಲಿದ್ದೀರಿ ಅಂತ ಹೇಳುತ್ತದೆ. ಏನೇನಿದೆ ನೋಡಲು `ಎಲ್ಎಸ್`. ಈ ಎರಡೂ ಪವರ್‌ಶೆಲ್‌ನಲ್ಲೂ ನಡೆಯುತ್ತವೆ.

ಗಿಟ್ ಮೊದಲು, ಕೋಡ್ ಆಮೇಲೆ

ತುಂಬಾ ಜನ ಪ್ರಾಜೆಕ್ಟ್ ಮುಗಿದ ಮೇಲೆ ಗಿಟ್ ಶುರು ಮಾಡುತ್ತಾರೆ. ಖಾಲಿ ಫೋಲ್ಡರ್‌ನಲ್ಲೇ ಶುರು ಮಾಡಿ ಅಂತ ನನ್ನ ಸಲಹೆ. ಮೊದಲ ದಿನದಿಂದ ಏನೇನು ಬದಲಾಯಿತು ಅನ್ನುವುದು ಉಳಿಯುತ್ತದೆ.

ಕಂಪ್ಯೂಟರ್‌ಗೆ ಒಂದೇ ಸಲ ಮಾಡುವ ಕೆಲಸ ಇದು:

`ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ನೇಮ್ "ನಿಮ್ಮ ಹೆಸರು"`
`ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ಇಮೇಲ್ "ನಿಮ್ಮ ಇಮೇಲ್"`
`ಗಿಟ್ ಕಾನ್ಫಿಗ್ --ಗ್ಲೋಬಲ್ ಇನಿಟ್.ಡಿಫಾಲ್ಟ್‌ಬ್ರಾಂಚ್ ಮೇನ್`
`ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್`

ಹೆಸರು ಕನ್ನಡದಲ್ಲೇ ಬರೆಯಬಹುದು, ಗಿಟ್‌ಗೆ ತೊಂದರೆ ಇಲ್ಲ. ಕೊನೆಯ ಸಾಲು ನಮಗೆ ಮುಖ್ಯ. ಅದು ಇಲ್ಲದಿದ್ದರೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟ ಫೈಲ್‌ಗಳು ಗಿಟ್‌ನ ಪಟ್ಟಿಯಲ್ಲಿ ಅಂಕಿಗಳ ಸಾಲಾಗಿ ಕಾಣುತ್ತವೆ. "ಕ" ಅನ್ನುವ ಒಂದೇ ಅಕ್ಷರ \340\262\225 ಆಗುತ್ತದೆ. ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಆ ಮೂರು ಬೈಟನ್ನೇ ಗಿಟ್ ಅಂಕಿಯಲ್ಲಿ ತೋರಿಸುತ್ತದೆ. ಫೈಲ್ ಕೆಟ್ಟಿಲ್ಲ, ತೋರಿಸುವ ರೀತಿ ಹಾಗೆ.

ಈಗ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ:

`ಗಿಟ್ ಇನಿಟ್`

ಇದನ್ನು ಒತ್ತುವ ಮುಂಚೆ ದಯವಿಟ್ಟು ಒಂದು ಸಲ ಪಿಡಬ್ಲ್ಯೂಡಿ ನೋಡಿ. ಒಮ್ಮೆ ನಾನು ಹೋಮ್ ಫೋಲ್ಡರ್‌ನಲ್ಲಿ ನಿಂತು ಇದನ್ನು ಹೊಡೆದುಬಿಟ್ಟಿದ್ದೆ. ಮರುದಿನ ವಿಎಸ್ ಕೋಡ್‌ನ ಎಡಪಟ್ಟಿಯಲ್ಲಿ ಸಾವಿರಗಟ್ಟಲೆ ಬದಲಾವಣೆ ಅಂತ ಅಂಕಿ. ನನ್ನ ಫೋಟೋ, ಬ್ಯಾಂಕ್ ಪಿಡಿಎಫ್, ಎಲ್ಲವನ್ನೂ ಗಿಟ್ ಎಣಿಸುತ್ತಾ ಕೂತಿತ್ತು. ನಿಮಗೂ ಹೀಗೆ ಕಂಡರೆ ಈ ಕಮಾಂಡ್ ಹೊಡೆಯಿರಿ:

`ಗಿಟ್ ರೆವ್-ಪಾರ್ಸ್ --ಶೋ-ಟಾಪ್‌ಲೆವೆಲ್`

ಗಿಟ್ ಯಾವ ಫೋಲ್ಡರನ್ನು ಪ್ರಾಜೆಕ್ಟ್ ಅಂದುಕೊಂಡಿದೆ ಅಂತ ತೋರಿಸುತ್ತದೆ. ಅದು ಹೋಮ್ ಫೋಲ್ಡರ್ ಆಗಿದ್ದರೆ ಅಲ್ಲಿನ ".ಗಿಟ್" ಅನ್ನುವ ಮರೆಯ ಫೋಲ್ಡರ್ ಒಂದನ್ನು ಅಳಿಸಿ. ನಿಮ್ಮ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಇನಿಟ್ ಆದ ಕೂಡಲೇ `ಕೋಡ್ .ಗಿಟ್‌ಇಗ್ನೋರ್` ಅಂತ ಹೊಡೆಯಿರಿ. ಹೊಸ ಫೈಲ್ ಎಡಿಟರ್‌ನಲ್ಲಿ ತೆರೆಯುತ್ತದೆ. ಗಿಟ್ ಏನನ್ನು ಮುಟ್ಟಬಾರದು ಅನ್ನುವ ಪಟ್ಟಿ ಇದು. ಮೂರು ಸಾಲು ಸಾಕು:

`.ವಿಇಎನ್‌ವಿ/`
`__ಪೈಕ್ಯಾಶ್__/`
`.ಇಎನ್‌ವಿ`

ಎರಡನೆಯದರ ಹಿಂದೆ ಮುಂದೆ ಎರಡೆರಡು ಅಡಿಗೆರೆ. ಪೈಥಾನ್ ತಾನೇ ಮಾಡಿಕೊಳ್ಳುವ ಫೋಲ್ಡರ್ ಅದು. ಮೂರನೆಯದು ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ಇಡುವ ಫೈಲ್. ಇದನ್ನು ತಪ್ಪಿ ಗಿಟ್‌ಹಬ್‌ಗೆ ಹಾಕಿದರೆ ಆಮೇಲೆ ಫೈಲ್ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ, ಅಂದರೆ ಗಿಟ್ ಉಳಿಸಿಟ್ಟ ಹಿಂದಿನ ರೂಪದಲ್ಲಿ, ಕೀ ಉಳಿದೇ ಇರುತ್ತದೆ. ಹಾಗಾದರೆ ಬೇರೇನೂ ಯೋಚಿಸಬೇಡಿ, ಆ ಕೀಯನ್ನೇ ಮೊದಲು ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಪ್ರಾಜೆಕ್ಟ್‌ಗೆ ಅದರದೇ ಪೈಥಾನ್

ಒಂದು ಕಾಲೇಜಿನ ಡೆಮೋ ದಿನ ನಾನು ಅಲ್ಲಿದ್ದೆ. ನಾಲ್ಕು ಜನರ ತಂಡ, ಚೆನ್ನಾಗಿ ಕೆಲಸ ಮಾಡಿದ್ದರು. ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಲ್ಯಾಬ್ ಕಂಪ್ಯೂಟರ್‌ನಲ್ಲಿ "ಮಾಡ್ಯೂಲ್ ನಾಟ್ ಫೌಂಡ್" ಅಂದಿತು. ಆರು ತಿಂಗಳಲ್ಲಿ ಏನೇನು ಪ್ಯಾಕೇಜ್ ಹಾಕಿದ್ದರು ಅಂತ ಅವರಿಗೇ ನೆನಪಿರಲಿಲ್ಲ. ಎಲ್ಲಾ ಕಂಪ್ಯೂಟರ್‌ನ ಸಾಮಾನ್ಯ ಪೈಥಾನ್‌ಗೆ ಸೇರಿಹೋಗಿತ್ತು. ಆ ಹುಡುಗಿ ಒಂದೊಂದೇ ಎರರ್ ಓದಿ ಒಂದೊಂದೇ ಪ್ಯಾಕೇಜ್ ಹಾಕುತ್ತಾ ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಐದು ನಿಮಿಷದ ಕೆಲಸದಿಂದ ಇದನ್ನು ತಪ್ಪಿಸಬಹುದಿತ್ತು.

ಆ ಐದು ನಿಮಿಷದ ಕೆಲಸ ಇದು:

`ಪೈಥಾನ್ -ಎಂ ವಿಇಎನ್‌ವಿ .ವಿಇಎನ್‌ವಿ`

ಫೋಲ್ಡರ್ ಒಳಗೆ ಈ ಪ್ರಾಜೆಕ್ಟ್‌ಗೆ ಮಾತ್ರ ಸೇರಿದ ಪೈಥಾನ್ ಒಂದು ಸಿದ್ಧವಾಗುತ್ತದೆ. ಹೊಸ ಎನ್ವಿರಾನ್‌ಮೆಂಟ್ ಕಂಡಿತು, ಇದನ್ನೇ ಬಳಸಲೇ ಅಂತ ವಿಎಸ್ ಕೋಡ್ ಮೂಲೆಯಲ್ಲಿ ಕೇಳಿದರೆ ಹೌದು ಅನ್ನಿ. ಕೇಳದಿದ್ದರೆ ಕಮಾಂಡ್ ಪ್ಯಾಲೆಟ್‌ನಲ್ಲಿ (ವಿಂಡೋಸ್, ಲಿನಕ್ಸ್ ಆದರೆ ಕಂಟ್ರೋಲ್, ಶಿಫ್ಟ್, ಪಿ) "ಪೈಥಾನ್: ಸೆಲೆಕ್ಟ್ ಇಂಟರ್‌ಪ್ರೆಟರ್" ತೆರೆದು .ವಿಇಎನ್‌ವಿ ಇರುವುದನ್ನು ಆರಿಸಿ.

ಆಮೇಲೆ ಅದನ್ನು ಚಾಲೂ ಮಾಡಬೇಕು. ವಿಂಡೋಸ್‌ನಲ್ಲಿ:

`.ವಿಇಎನ್‌ವಿ\ಸ್ಕ್ರಿಪ್ಟ್ಸ್\ಆಕ್ಟಿವೇಟ್`

ಲಿನಕ್ಸ್, ಮ್ಯಾಕ್‌ನಲ್ಲಿ:

`ಸೋರ್ಸ್ .ವಿಇಎನ್‌ವಿ/ಬಿನ್/ಆಕ್ಟಿವೇಟ್`

ಸಾಲಿನ ಶುರುವಿನಲ್ಲಿ ಕಂಸದೊಳಗೆ .ವಿಇಎನ್‌ವಿ ಅಂತ ಬಂದರೆ ಆಯಿತು. ಪವರ್‌ಶೆಲ್ "ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ" ಅಂತ ಕೆಂಪಕ್ಷರದಲ್ಲಿ ತಡೆದರೆ ಹೆದರಬೇಡಿ. ವಿಂಡೋಸ್‌ನ ಕಾವಲು ಅದು. ನಿಮ್ಮ ಖಾತೆಗೆ ಮಾತ್ರ ಹೀಗೆ ಸಡಿಲ ಮಾಡಿ, ಮತ್ತೆ ಪ್ರಯತ್ನಿಸಿ:

`ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್`

ಇನ್ನು ಎರಡನೇ ಪ್ರಶ್ನೆ: ಓಡುತ್ತಿರುವುದು ಯಾವ ಪೈಥಾನ್? ಎಲ್ಲಾ ಕಂಪ್ಯೂಟರ್‌ನಲ್ಲೂ ನಡೆಯುವ ಒಂದು ಉಪಾಯ ಇದೆ:

`ಪೈಥಾನ್ -ಎಂ ಪಿಪ್ --ವರ್ಷನ್`

ಆವೃತ್ತಿಯ ಪಕ್ಕದಲ್ಲೇ ಪಿಪ್ (ಪ್ಯಾಕೇಜ್ ಹಾಕಿಕೊಡುವ ಪ್ರೋಗ್ರಾಂ) ಯಾವ ಫೋಲ್ಡರ್‌ನಲ್ಲಿದೆ ಅಂತ ಪೂರ್ತಿ ದಾರಿ ಬರುತ್ತದೆ. ಅದರಲ್ಲಿ "ಪದ-ಲೆಕ್ಕ" ಮತ್ತು ".ವಿಇಎನ್‌ವಿ" ಎರಡೂ ಇದ್ದರೆ ಸರಿಯಾದ ಜಾಗದಲ್ಲಿದ್ದೀರಿ. ಈಚಿನ ಉಬುಂಟುವಿನಲ್ಲಿ ವಿಇಎನ್‌ವಿ ಇಲ್ಲದೆ ಪ್ಯಾಕೇಜ್ ಹಾಕಲು ಹೋದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಅಂತ ತಡೆಯುತ್ತದೆ. ಅದನ್ನು ಬಲವಂತವಾಗಿ ದಾಟುವ ಉಪಾಯ ಇಂಟರ್ನೆಟ್‌ನಲ್ಲಿ ಸಿಗುತ್ತದೆ, ಬಳಸಬೇಡಿ. ಉಬುಂಟು ತನ್ನ ಕೆಲಸಕ್ಕೇ ಆ ಪೈಥಾನ್ ಇಟ್ಟುಕೊಂಡಿರುತ್ತದೆ.

ಜಾವಾಸ್ಕ್ರಿಪ್ಟ್‌ನ ನೋಡ್ ಬಳಸಿ ಪ್ರಾಜೆಕ್ಟ್ ಮಾಡುವವರಿಗೆ ಇದೇ ಕೆಲಸವನ್ನು "ನೋಡ್_ಮಾಡ್ಯೂಲ್ಸ್" ಫೋಲ್ಡರ್ ತಾನಾಗಿ ಮಾಡುತ್ತದೆ. ಗಿಟ್‌ಇಗ್ನೋರ್‌ನಲ್ಲಿ ಅದನ್ನು ಸೇರಿಸಿದರೆ ಮುಗಿಯಿತು.

ಪ್ರೋಗ್ರಾಂ, ಮತ್ತು ಹಲಂತದ ತೊಡಕು

`ಕೋಡ್ ಲೆಕ್ಕ.ಪಿವೈ` ಅಂತ ಹೊಡೆದು ಫೈಲ್ ತೆರೆಯಿರಿ. ಪಕ್ಕದಲ್ಲೇ "ಬರಹ.ಟಿಎಕ್ಸ್‌ಟಿ" ಅಂತ ಒಂದು ಫೈಲ್ ಮಾಡಿ, ನಿಮ್ಮದೇ ಹಳೆಯ ಪತ್ರವೋ ಪ್ರಬಂಧವೋ ಹಾಕಿ.

ಈ ಪ್ರೋಗ್ರಾಂನ ತಿರುಳು ಒಂದು ಪ್ರಶ್ನೆ. "ಕನ್ನಡ" ಅನ್ನುವ ಪದದಲ್ಲಿ ಎಷ್ಟು ಅಕ್ಷರ? ನಾವು ಮೂರು ಅನ್ನುತ್ತೇವೆ. ಪೈಥಾನ್‌ನಲ್ಲಿ ಉದ್ದ ಎಣಿಸುವ "ಲೆನ್" 5 ಅನ್ನುತ್ತದೆ: ಕ, ನ, ಹಲಂತ, ನ, ಡ. ಒತ್ತಕ್ಷರ ಅದಕ್ಕೆ ಗೊತ್ತಿಲ್ಲ. ಹಾಗಾಗಿ ನಮ್ಮ ನಿಯಮ ಹೀಗಿರಲಿ. ಬರಹದ ಒಂದೊಂದು ಚಿಹ್ನೆಯನ್ನೂ ನೋಡು. ಅದು ಅಕ್ಷರ ಅಂತ ಪೈಥಾನ್‌ನ "ಈಸ್‌ಆಲ್ಫಾ" ಒಪ್ಪಿದರೆ, ಮತ್ತು ಅದರ ಹಿಂದಿನದು ಹಲಂತ ಅಲ್ಲದಿದ್ದರೆ, ಒಂದು ಸೇರಿಸು. ಕಾಗುಣಿತದ ಗುರುತು, ಸೊನ್ನೆ, ಹಲಂತ ಯಾವುದನ್ನೂ ಈಸ್‌ಆಲ್ಫಾ ಅಕ್ಷರ ಅನ್ನುವುದಿಲ್ಲ, ಆದ್ದರಿಂದ ಅವು ತಾವಾಗಿಯೇ ಬಿಟ್ಟುಹೋಗುತ್ತವೆ. "ಅಕ್ಷರ"ಕ್ಕೆ 3 ಬರುತ್ತದೆ. "ಸಾಫ್ಟ್‌ವೇರ್"ಗೆ 4. ಅಲ್ಲಿ ಒತ್ತು ಬೀಳದಂತೆ ತಡೆಯುವ ಕಾಣದ ಚಿಹ್ನೆಯೂ ಒಂದಿದೆ, ಅದು ಇದ್ದೂ ಲೆಕ್ಕ ತಪ್ಪುವುದಿಲ್ಲ. ಮೊದಲ ಸಲ ಇದು ಸರಿಯಾಗಿ ಬಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಓಡಿಸಿ:

`ಪೈಥಾನ್ ಲೆಕ್ಕ.ಪಿವೈ`

ವಿಂಡೋಸ್‌ನಲ್ಲಿ ಇಲ್ಲೇ ಎಡವುತ್ತೀರಿ. "ಯುನಿಕೋಡ್ ಡಿಕೋಡ್ ಎರರ್" ಅಂತ ಬಂದು, ಆ ಸಾಲಿನಲ್ಲಿ ಹೆಚ್ಚಾಗಿ 8ಡಿ ಅನ್ನುವ ಬೈಟ್ ಓದಲಾಗಲಿಲ್ಲ ಅನ್ನುತ್ತದೆ. ಆ 8ಡಿ ಯಾರು ಗೊತ್ತಾ? ನಮ್ಮ ಹಲಂತ. ಅದರ ಮೂರು ಬೈಟ್‌ಗಳಲ್ಲಿ ಕೊನೆಯದು ಅದು. ಫೈಲ್ ಯಾವ ಎನ್‌ಕೋಡಿಂಗ್‌ನಲ್ಲಿದೆ ಅಂತ ನೀವು ಹೇಳದಿದ್ದರೆ ವಿಂಡೋಸ್‌ನ ಪೈಥಾನ್ ಸಾಮಾನ್ಯವಾಗಿ 1252 ಅನ್ನುವ ಹಳೆಯ ಯುರೋಪಿಯನ್ ಪಟ್ಟಿಯಲ್ಲಿ ಓದುತ್ತದೆ. ಆ ಪಟ್ಟಿಯಲ್ಲಿ 8ಡಿ ಜಾಗ ಖಾಲಿ. ಹಾಗಾಗಿ ಒಂದು ಒತ್ತಕ್ಷರ ಬಂದ ಕೂಡಲೇ ಪ್ರೋಗ್ರಾಂ ನಿಂತುಬಿಡುತ್ತದೆ. "ಮರ" ಅನ್ನುವಂಥ ಸರಳ ಪದಗಳಷ್ಟೇ ಇದ್ದರೆ ಇನ್ನೂ ಕಷ್ಟ. ಎರರ್ ಬರುವುದೇ ಇಲ್ಲ, ಅಕ್ಷರ ಮಾತ್ರ ಗಜಿಬಿಜಿಯಾಗಿ ಲೆಕ್ಕ ತಪ್ಪುತ್ತದೆ.

ಪರಿಹಾರ ಚಿಕ್ಕದು. ಫೈಲ್ ತೆರೆಯುವ "ಓಪನ್" ಇರುವಲ್ಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯಿರಿ. ಲಿನಕ್ಸ್‌ನಲ್ಲಿ ಬರೆಯದಿದ್ದರೂ ನಡೆಯುತ್ತದೆ, ಆದರೂ ಬರೆಯಿರಿ. ನಿಮ್ಮ ಕೋಡ್ ನಾಳೆ ಯಾರದೋ ವಿಂಡೋಸ್‌ನಲ್ಲಿ ಓಡಬೇಕಾಗುತ್ತದೆ, ಅಲ್ವಾ?

ಇನ್ನೊಂದು ವಿಷಯ. ವಿಎಸ್ ಕೋಡ್ ಟರ್ಮಿನಲ್ ಅಕ್ಷರಗಳನ್ನು ಒಂದೊಂದು ಚೌಕದಲ್ಲಿ ಕೂರಿಸುತ್ತದೆ. ಹಾಗಾಗಿ ಕನ್ನಡದ ಒತ್ತು ಬಿಡಿಬಿಡಿಯಾಗಿ ಕಾಣಬಹುದು. ಅದನ್ನು ನೋಡಿ ಪ್ರೋಗ್ರಾಂ ತಪ್ಪು ಅಂದುಕೊಳ್ಳಬೇಡಿ. ಉತ್ತರವನ್ನು ಪ್ರೋಗ್ರಾಂ ಒಂದು ಫೈಲ್‌ಗೆ ಬರೆಯುವ ಹಾಗೆ ಮಾಡಿ, ಅದನ್ನು ಎಡಿಟರ್‌ನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಕಾಣುತ್ತದೆ.

ಓಡಿತಾ? ಹಾಗಾದರೆ ಕಮಿಟ್ ಮಾಡೋಣ:

`ಗಿಟ್ ಸ್ಟೇಟಸ್`
`ಗಿಟ್ ಆಡ್ .`
`ಗಿಟ್ ಕಮಿಟ್ -ಎಂ "ಅಕ್ಷರ ಎಣಿಸುವ ಮೊದಲ ರೂಪ"`

ಸ್ಟೇಟಸ್ ಮೊದಲು ಬಂದಿರುವುದನ್ನು ಗಮನಿಸಿ. ಆ ಪಟ್ಟಿಯಲ್ಲಿ .ವಿಇಎನ್‌ವಿ ಕಂಡರೆ ಅಲ್ಲೇ ನಿಲ್ಲಿ, ಗಿಟ್‌ಇಗ್ನೋರ್ ಸರಿಯಾಗಿಲ್ಲ ಅಂತ ಅರ್ಥ. ಕಮಿಟ್ ಮಾತು ಕನ್ನಡದಲ್ಲಿರಬಹುದು. ಏನು ಮಾಡಿದಿರಿ ಅಂತ ಮೂರು ತಿಂಗಳ ನಂತರ ನಿಮಗೇ ತಿಳಿಯುವ ಹಾಗಿದ್ದರೆ ಸಾಕು. "ಅಪ್‌ಡೇಟ್", "ಫೈನಲ್", "ಫೈನಲ್2" ಬೇಡ.

ಪರೀಕ್ಷೆ ಬರೆಯುವುದು

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬೇಡಿ, ತುಂಬಾ ಸುಲಭ.

`ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪೈಟೆಸ್ಟ್`

ಪೈಟೆಸ್ಟ್ ಅಂದರೆ ಪಿ, ವೈ, ಆಮೇಲೆ ಟೆಸ್ಟ್. ಬರೀ ಪಿಪ್ ಅನ್ನದೆ "ಪೈಥಾನ್ -ಎಂ ಪಿಪ್" ಅನ್ನುವ ಅಭ್ಯಾಸ ಇಟ್ಟುಕೊಳ್ಳಿ. ಪ್ಯಾಕೇಜ್ ಯಾವ ಪೈಥಾನ್‌ಗೆ ಹೋಗುತ್ತದೆ ಅನ್ನುವ ಗೊಂದಲ ಇರುವುದಿಲ್ಲ.

"ಟೆಸ್ಟ್_ಲೆಕ್ಕ.ಪಿವೈ" ಅಂತ ಫೈಲ್ ಮಾಡಿ. ಅದರಲ್ಲಿ ಎರಡು ಚಿಕ್ಕ ಫಂಕ್ಷನ್, ಹೆಸರು "ಟೆಸ್ಟ್_"ನಿಂದ ಶುರುವಾಗಲಿ. ಮೊದಲನೆಯದರಲ್ಲಿ "ಕನ್ನಡ"ಕ್ಕೆ ಉತ್ತರ 3 ಬರಲೇಬೇಕು ಅಂತ "ಅಸರ್ಟ್" ಮಾಡಿ. ಎರಡನೆಯದರಲ್ಲಿ "ಕನ್ನಡ" ಅನ್ನುವುದನ್ನು ಪದಗಳಾಗಿ ಬಿಡಿಸಿದರೆ ಒಂದೇ ಪದ ಬರಬೇಕು ಅಂತ. ಓಡಿಸಿ:

`ಪೈಥಾನ್ -ಎಂ ಪೈಟೆಸ್ಟ್`

ಪದ ಬಿಡಿಸಲು ನೀವು ಪೈಥಾನ್‌ನ "ಆರ್‌ಇ" ಮಾಡ್ಯೂಲ್ ಬಳಸಿ \ಡಬ್ಲ್ಯೂ+ ಅಂತ ಬರೆದಿದ್ದರೆ ಎರಡನೇ ಪರೀಕ್ಷೆ ಸೋಲುತ್ತದೆ. ಟ್ಯುಟೋರಿಯಲ್‌ಗಳಲ್ಲೆಲ್ಲ ಹಾಗೇ ಇರುತ್ತದೆ. ಸೋತ ಸಾಲಿನಲ್ಲಿ ಒಂದು ಪದದ ಬದಲು "ಕನ" ಮತ್ತು "ನಡ" ಅಂತ ಎರಡು ಚೂರು ಕಾಣುತ್ತವೆ. ಆ ಮಾಡ್ಯೂಲ್ ಹಲಂತವನ್ನು ಪದದ ಭಾಗ ಅಂತ ಒಪ್ಪುವುದಿಲ್ಲ, ಅಲ್ಲಿಗೇ ಕತ್ತರಿಸುತ್ತದೆ. ಪರೀಕ್ಷೆ ಇಲ್ಲದಿದ್ದರೆ ನಿಮ್ಮ ಪದಗಳ ಲೆಕ್ಕ ಎಲ್ಲಾ ಬರಹಕ್ಕೂ ಜಾಸ್ತಿಯಾಗಿಯೇ ಬರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸೋಲಿನ ವರದಿಯ ಕೊನೆಯಲ್ಲಿ ಫೈಲ್ ಹೆಸರು, ಸಾಲಿನ ಸಂಖ್ಯೆ ಇರುತ್ತದೆ. ಕಂಟ್ರೋಲ್ ಹಿಡಿದು ಅದರ ಮೇಲೆ ಕ್ಲಿಕ್ ಮಾಡಿ. ಎಡಿಟರ್ ನೇರ ಆ ಸಾಲಿಗೇ ಹೋಗುತ್ತದೆ. ಹೊರಗಿನ ಟರ್ಮಿನಲ್‌ನಲ್ಲಿ ಕೆಲಸ ಮಾಡುವವರು ಸಾಲು ಹುಡುಕುತ್ತಾ ಕಳೆಯುವ ಹೊತ್ತು ಇಲ್ಲಿ ಉಳಿಯುತ್ತದೆ. ಬಿಡಿಸುವ ಕೆಲಸವನ್ನು "ಸ್ಪ್ಲಿಟ್"ಗೆ ಕೊಟ್ಟು, ಪದದ ಎರಡೂ ತುದಿಯ ಅಲ್ಪವಿರಾಮ, ಪೂರ್ಣವಿರಾಮ ತೆಗೆದುಹಾಕಿ. ಟರ್ಮಿನಲ್‌ಗೆ ಬಂದು ಮೇಲಿನ ಬಾಣ ಒತ್ತಿದರೆ ಹಿಂದಿನ ಕಮಾಂಡ್ ಸಿಗುತ್ತದೆ. ಎಂಟರ್ ಒತ್ತಿ. ಎರಡೂ ಪಾಸ್. ಕಮಿಟ್ ಮಾಡಿ.

ಏನೇನು ಹಾಕಿದ್ದೀರಿ ಅನ್ನುವ ಪಟ್ಟಿ

`ಪೈಥಾನ್ -ಎಂ ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ`

ಹಾಕಿದ ಪ್ಯಾಕೇಜ್‌ಗಳು ಆವೃತ್ತಿ ಸಮೇತ ಫೈಲ್‌ನಲ್ಲಿ ಬರುತ್ತವೆ. ಆ ಡೆಮೋ ತಂಡದ ಬಳಿ ಇಲ್ಲದಿದ್ದದ್ದು ಈ ಒಂದು ಫೈಲ್.

ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತು ಫೈಲನ್ನು ಯುಟಿಎಫ್-16ರಲ್ಲಿ ಬರೆಯುತ್ತದೆ. ಆಗ ಗಿಟ್ ಅದನ್ನು ಬರಹ ಅಂತಲೇ ಗುರುತಿಸುವುದಿಲ್ಲ, ಬದಲಾವಣೆ ತೋರಿಸುವುದಿಲ್ಲ. ಫೈಲ್ ತೆರೆದು ಎಡಿಟರ್‌ನ ಕೆಳಗಿನ ಪಟ್ಟಿಯ ಬಲಗಡೆ ನೋಡಿ. ಯುಟಿಎಫ್-16 ಅಂತ ಇದ್ದರೆ ಅದರ ಮೇಲೆ ಕ್ಲಿಕ್ ಮಾಡಿ, "ಸೇವ್ ವಿತ್ ಎನ್‌ಕೋಡಿಂಗ್" ಆರಿಸಿ, ಯುಟಿಎಫ್-8 ಮಾಡಿ. ಪವರ್‌ಶೆಲ್ 7 ಹಾಕಿಕೊಂಡವರಿಗೆ ಈ ತೊಂದರೆ ಇಲ್ಲ. ಕೊನೆಗೆ ಈ ಫೈಲನ್ನೂ ಕಮಿಟ್ ಮಾಡಿ.

ಗಿಟ್‌ಹಬ್‌ಗೆ ಹಾಕುವುದು

ಗಿಟ್‌ಹಬ್‌ನಲ್ಲಿ ಹೊಸ ರೆಪೊಸಿಟರಿ (ಪ್ರಾಜೆಕ್ಟ್ ಇಡುವ ಜಾಗ) ಮಾಡಿ. ಖಾಲಿ ಇರಲಿ. "ರೀಡ್‌ಮಿ ಸೇರಿಸಲೇ" ಅನ್ನುವುದಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ಅಲ್ಲೊಂದು ಕಮಿಟ್ ಹುಟ್ಟುತ್ತದೆ, ನಿಮ್ಮ ಮೊದಲ ಪುಶ್ (ಕಮಿಟ್‌ಗಳನ್ನು ಅಲ್ಲಿಗೆ ಕಳಿಸುವುದು) "ರಿಜೆಕ್ಟೆಡ್" ಆಗುತ್ತದೆ. ಆ ಪುಟದಲ್ಲಿ ಕಾಣುವ ವಿಳಾಸ ಕಾಪಿ ಮಾಡಿ:

`ಗಿಟ್ ರಿಮೋಟ್ ಆಡ್ ಒರಿಜಿನ್ ವಿಳಾಸ`
`ಗಿಟ್ ಪುಶ್ -ಯು ಒರಿಜಿನ್ ಮೇನ್`

ಪಾಸ್‌ವರ್ಡ್ ಹೊಡೆದರೆ ಒಪ್ಪುವುದಿಲ್ಲ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಅದನ್ನು ನಿಲ್ಲಿಸಿದೆ. ಬ್ರೌಸರ್ ತೆರೆದು ಲಾಗಿನ್ ಕೇಳುತ್ತದೆ, ಅಲ್ಲೇ ಅನುಮತಿ ಕೊಡಿ. 100 ಎಂಬಿಗಿಂತ ದೊಡ್ಡ ಫೈಲನ್ನು ಗಿಟ್‌ಹಬ್ ತೆಗೆದುಕೊಳ್ಳುವುದಿಲ್ಲ. ವಿಡಿಯೋ, ದೊಡ್ಡ ಡೇಟಾ ಇದ್ದರೆ ಕಮಿಟ್ ಮಾಡುವ ಮುಂಚೆಯೇ ಗಿಟ್‌ಇಗ್ನೋರ್‌ಗೆ ಸೇರಿಸಿ.

ದಿನನಿತ್ಯದ ಕೆಲಸ

ನಾನು ಎರಡು ಟರ್ಮಿನಲ್ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಪ್ರೋಗ್ರಾಂ ಮತ್ತು ಪರೀಕ್ಷೆ, ಇನ್ನೊಂದರಲ್ಲಿ ಗಿಟ್. ಬಲಗಡೆಯ ಪಟ್ಟಿಯಲ್ಲಿ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ "ರೀನೇಮ್" ಅಂದರೆ "ಓಟ", "ಗಿಟ್" ಅಂತ ಹೆಸರಿಡಬಹುದು. ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಕಂಟ್ರೋಲ್, ಶಿಫ್ಟ್, 5. ಹೊಡೆದ ಪ್ರತಿ ಕಮಾಂಡ್ ಪಕ್ಕ ಒಂದು ಚಿಕ್ಕ ವೃತ್ತ ಬರುತ್ತದೆ. ನೀಲಿ ಇದ್ದರೆ ಸರಿಹೋಯಿತು, ಕೆಂಪಿದ್ದರೆ ಸೋತಿತು.

ಹೊಸದೇನಾದರೂ ಪ್ರಯತ್ನಿಸುವಾಗ ಬೇರೆ ಬ್ರಾಂಚ್ (ಮುಖ್ಯ ಕೋಡ್‌ನಿಂದ ಒಡೆದ ಕವಲು) ಮಾಡಿ:

`ಗಿಟ್ ಸ್ವಿಚ್ -ಸಿ ಪದ-ಪಟ್ಟಿ`

ಕೆಟ್ಟರೆ `ಗಿಟ್ ಸ್ವಿಚ್ ಮೇನ್` ಅಂತ ವಾಪಸ್ ಬರಬಹುದು. ಕಮಿಟ್ ಮಾಡದ ಬದಲಾವಣೆ ಬೇಡವಾದರೆ `ಗಿಟ್ ರಿಸ್ಟೋರ್ ಲೆಕ್ಕ.ಪಿವೈ`. ಇದನ್ನು ಹೊಡೆಯುವಾಗ ಕೈ ತಡೆದು ಹೊಡೆಯಿರಿ. ಕೊನೆಯ ಕಮಿಟ್‌ನ ನಂತರ ಬರೆದದ್ದೆಲ್ಲ ಹೋಗುತ್ತದೆ, ಗಿಟ್ ಅದನ್ನು ಮತ್ತೆ ತಂದುಕೊಡುವುದಿಲ್ಲ. ಏನೇನು ಆಗಿದೆ ನೋಡಲು:

`ಗಿಟ್ ಲಾಗ್ --ಒನ್‌ಲೈನ್`

ಎರಡನೇ ಫೋಲ್ಡರ್ ಪರೀಕ್ಷೆ

ಯಾರಿಗಾದರೂ ಪ್ರಾಜೆಕ್ಟ್ ಕೊಡುವ ಮುಂಚೆ, ಡೆಮೋಗೆ ಹೋಗುವ ಹಿಂದಿನ ದಿನ, ಇದೊಂದನ್ನು ಮಾಡಿ. ನಾನು ಎಲ್ಲಾ ಹುಡುಗರಿಗೂ ಒತ್ತಾಯ ಮಾಡಿ ಹೇಳುವುದು ಇದೇ. ನಿಮ್ಮ ಕಂಪ್ಯೂಟರ್‌ನಲ್ಲೇ ಅಪರಿಚಿತರ ಹಾಗೆ ನಟಿಸಿ. ಹೊಸ ಟರ್ಮಿನಲ್ ತೆರೆಯಿರಿ. ವಿಇಎನ್‌ವಿ ತಾನಾಗಿ ಚಾಲೂ ಆಗಿದ್ದರೆ `ಡಿಆಕ್ಟಿವೇಟ್` ಅಂತ ಹೊಡೆದು ಹೊರಗೆ ಬನ್ನಿ. ಆಮೇಲೆ:

`ಸಿಡಿ ಸಿ:\ಕೆಲಸ`
`ಗಿಟ್ ಕ್ಲೋನ್ ವಿಳಾಸ ಪರೀಕ್ಷೆ`
`ಸಿಡಿ ಪರೀಕ್ಷೆ`
`ಪೈಥಾನ್ -ಎಂ ವಿಇಎನ್‌ವಿ .ವಿಇಎನ್‌ವಿ`

ಚಾಲೂ ಮಾಡಿ, ಆಮೇಲೆ:

`ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ`
`ಪೈಥಾನ್ -ಎಂ ಪೈಟೆಸ್ಟ್`
`ಪೈಥಾನ್ ಲೆಕ್ಕ.ಪಿವೈ`

ಇಲ್ಲಿ ಸೋತರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಒಂದು ಫೈಲ್ ಕಮಿಟ್ ಆಗಿಲ್ಲ. ಒಂದು ಪ್ಯಾಕೇಜ್ ಪಟ್ಟಿಯಲ್ಲಿಲ್ಲ. ಇಲ್ಲವೇ ಕೋಡ್‌ನಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಪೂರ್ತಿ ದಾರಿ ಬರೆದಿದ್ದೀರಿ, ಸಿ ಡ್ರೈವ್‌ನಿಂದ ಶುರುವಾಗುವಂಥದ್ದು. ಮೂಲ ಫೋಲ್ಡರ್‌ಗೆ ಹೋಗಿ ಸರಿಮಾಡಿ, ಕಮಿಟ್ ಮಾಡಿ, ಪುಶ್ ಮಾಡಿ. ಪರೀಕ್ಷೆ ಫೋಲ್ಡರ್‌ಗೆ ಬಂದು `ಗಿಟ್ ಪುಲ್` ಅನ್ನಿ, ಮತ್ತೆ ಓಡಿಸಿ. ಎಲ್ಲಾ ಪಾಸ್ ಆಗುವವರೆಗೆ ಹೀಗೇ ಮಾಡಿ.

ಪಾಸ್ ಆದ ಮೇಲೆ ಪರೀಕ್ಷೆ ಫೋಲ್ಡರ್ ಅಳಿಸಬಹುದು. ಅಳಿಸುವ ಮುಂಚೆ ಒಂದು ಸಲ ಪಿಡಬ್ಲ್ಯೂಡಿ ನೋಡಿ.